ಅಕ್ಕನ ಮನೆಯಲ್ಲಿ ವಾಸವಿರುವವರು

ನಮ್ಮ ಬೀದಿಯವರು ನನ್ನ ಅಕ್ಕನಿಗೆ ಇಟ್ಟ ಹೆಸರು ಹದ್ದುಗಣ್ಣಿ. ಎದುರಿಗೆ ಯಾರೂ ಹಾಗೆ ಕರೆದವರಿಲ್ಲ. ಕರೆದಿದ್ದರೂ ಅವಳೇನು ಮುನಿಸಿಕೊಳ್ಳುತ್ತಿರಲಿಲ್ಲ, ಅವಳ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಆ ಕಣ್ಣಿನಿಂದ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವಳು ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಅಪ್ಪ ಅಮ್ಮಂದಿರು ಬಿಟ್ಟು ಹೋದರೆ, ಸಂಜೆ ಬಂದು ಕರೆದುಕೊಂಡು ಹೋಗುವ ತನಕ ಒಂದು ಮಗುವೂ ಅವಳ ಕಣ್ಣಿನಿಂದ ಮರೆಯಾಗುವ ಹಾಗಿರಲಿಲ್ಲ. ಬಚ್ಚಲಿಗೆ ಹೋಗಬೇಕೆಂದರೂ ನನ್ನನ್ನು ಕೂಗಿ, ನಾನು ಬಂದು ನಿಂತ ಮೇಲೆಯೇ ಏಳುವಳು. ನಾನು ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವವಳು. ಸೂಜಿಗೆ ದಾರ ಪೋಣಿಸುವ ಹೊತ್ತಿಗೇ ಸರಿಯಾಗಿ ಇವಳ ಕೂಗು. ನಿನಗೆ ಹೊತ್ತುಗೊತ್ತು ಅನ್ನೋದು ಇಲ್ಲವೇನೇ ಎಂದು ಗೊಣಗಿಕೊಂಡೇ ಹೋಗುತ್ತಿದ್ದೆ. ಹೋಗದೆ ಏನು ಮಾಡಲಿ? ಸರಕಾರದ ದಾಖಲೆಯಲ್ಲಿ ನಾನೂ ಇದ್ದೆ: ಬದಲಿ ಆರೈಕೆದಾರಳು. ಅಕ್ಕ ಇಲ್ಲದಾಗ ಆ ಮಕ್ಕಳ ಜೊತೆ ಇರಬಹುದಾದವಳು ನಾನೊಬ್ಬಳೇ. ಅದಕ್ಕೆಂದೇ ಪೊಲೀಸರು ನನ್ನ ಹತ್ತೂ ಬೆರಳಿನ ಗುರುತು ತೆಗೆದುಕೊಂಡಿದ್ದರು. ಒಂದು ಇರುವೆ ಕೊಂದ ಕೇಸೂ ನನ್ನ ಮೇಲಿಲ್ಲ, ಬೇಕಾದರೆ ವಿಚಾರಿಸಿ ನೋಡಿ.

ಲೈಸೆನ್ಸು ಕೊಡುವಾಗ ಅಕ್ಕನ ಕೈಗೆ ದಪ್ಪನೆಯದೊಂದು ನಿಯಮಗಳ ಪುಸ್ತಕ ಕೊಟ್ಟಿದ್ದರು. ಅದರ ಮೊದಲ ಪುಟಗಳೆಲ್ಲ ಬರೀ ಪದಗಳ ಅರ್ಥ. ಶಿಶು ಎಂದರೆ ಯಾರು, ಎಳೆಮಗು ಎಂದರೆ ಯಾರು, ಆರೈಕೆ ಎಂದರೇನು, ಮೇಲ್ವಿಚಾರಣೆ ಎಂದರೇನು. ಹೆತ್ತವರಿಗೇ ಗೊತ್ತಿಲ್ಲದ್ದು ಇವರಿಗೆ ಗೊತ್ತು ನೋಡು ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮೇಲ್ವಿಚಾರಣೆ ಎಂದರೆ ಮಗು ಕಣ್ಣಿಗೆ ಕಾಣಬೇಕು, ಅದರ ಸದ್ದು ಕಿವಿಗೆ ಬೀಳಬೇಕು, ಎದ್ದು ಹೋಗಿ ಹಿಡಿದುಕೊಳ್ಳುವಷ್ಟು ಹತ್ತಿರ ನಾವಿರಬೇಕು. ಅದನ್ನು ಓದಿದ ವಾರದಲ್ಲೇ ಬಡಗಿಯನ್ನು ಕರೆಸಿ ಅಡುಗೆಮನೆಯ ಬಾಗಿಲನ್ನೇ ಕಳಚಿಸಿ ಹಾಕಿದಳು. ಒಲೆಯ ಮುಂದೆ ನಿಂತರೂ ಮಕ್ಕಳು ಕಾಣಬೇಕಲ್ಲ. ಒಟ್ಟು ಆರು ಮಕ್ಕಳಿಗಿಂತ ಹೆಚ್ಚು ಕೂಡದು, ಅದರಲ್ಲಿ ನಡೆಯಲು ಬಾರದವು ಎರಡಕ್ಕಿಂತ ಹೆಚ್ಚು ಕೂಡದು ಎಂದಿತ್ತು. ಅದೇಕೆ ಎರಡು ಎಂದು ಕೇಳಿದೆ. ಬೆಂಕಿಗಿಂಕಿ ಬಿದ್ದರೆ ಒಬ್ಬಳು ಎತ್ತಿಕೊಂಡು ಓಡೋಕಾಗೋದು ಎರಡನ್ನೇ ತಾನೇ ಎಂದಳು. ಆ ಒಂದು ಲೆಕ್ಕ ಮಾತ್ರ ನನಗೂ ಒಪ್ಪಿಗೆಯಾಯಿತು.

ಅವಳು ಕೆಲಸ ಮಾಡುವುದನ್ನು ನೋಡಿದರೆ ಮೈ ಉರಿಯುತ್ತಿತ್ತು, ಹೊಟ್ಟೆ ತಣ್ಣಗೂ ಆಗುತ್ತಿತ್ತು. ಶಿಶುಗಳನ್ನು ಅಂಗಾತವೇ ಮಲಗಿಸಬೇಕು. ತೊಟ್ಟಿಲಲ್ಲಿ ದಿಂಬು, ಗೊಂಬೆ, ಹೊದಿಕೆ ಏನೂ ಇರಕೂಡದು. ಮಗು ಬೋರಲಾಗಿ ಮಲಗಿದರೇ ನಿದ್ದೆ ಮಾಡುತ್ತದೆ ಎಂದು ಒಬ್ಬ ತಾಯಿ ಎಷ್ಟು ಗೋಗರೆದರೂ ಇವಳು ಜಗ್ಗಲಿಲ್ಲ. ಬಟ್ಟೆ ಬದಲಿಸುವ ಚಾಪೆಯನ್ನು ಪ್ರತಿ ಸಲವೂ ಬ್ಲೀಚಿಂಗ್ ನೀರಿನಲ್ಲಿ ಒರೆಸಿ ಒರೆಸಿ ಅವಳ ಬೆರಳ ಸಂದಿಗಳು ಬಿರಿದಿದ್ದವು. ತಿಂಗಳಿಗೊಮ್ಮೆ ಬೆಂಕಿ ಬಿದ್ದಂತೆ ಆಟ. ಗಂಟು ಗಂಟು ಹಾಕಿದ ಹಗ್ಗವನ್ನು ಹಿಡಿದುಕೊಂಡು ಮಕ್ಕಳು ಸಾಲಾಗಿ ಬೀದಿಗೆ ಬರುತ್ತಿದ್ದವು, ಹಿಂದೆ ಎರಡೂ ಕಂಕುಳಲ್ಲಿ ಎರಡು ಕೂಸು ಹೊತ್ತು ಏದುಸಿರು ಬಿಡುತ್ತ ಇವಳು. ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಎಂದು ಹೆತ್ತವರು ಮೊದಲೇ ಹೇಳಿರಬೇಕು. ಒಮ್ಮೆ ಒಂದು ಮಗುವಿನ ಸೋದರಮಾವ, ಹೇಳದೆ ಕೇಳದೆ ಬಂದವನು, ಗೇಟಿನ ಹೊರಗೆ ನಿಂತು ಬಾಯಿಗೆ ಬಂದಂತೆ ಬೈದ. ಅಕ್ಕ ಕಲ್ಲಿನ ಹಾಗೆ ನಿಂತಿದ್ದಳೇ ಹೊರತು ಚಿಲಕ ತೆಗೆಯಲಿಲ್ಲ. ಬೈಸಿಕೊಂಡವಳು ಅವಳು, ತಿರುಗಿ ಬೈದವಳು ನಾನು.

ಅಕ್ಕನಿಗೆ ಒಬ್ಬನೇ ಮಗ. ಭಾವ ತೀರಿಕೊಂಡಾಗ ಅವನಿನ್ನೂ ಶಾಲೆಯಲ್ಲಿದ್ದ. ಆಮೇಲೆ ನಲ್ಲಿ, ಪೈಪಿನ ಕೆಲಸ ಕಲಿತ. ಕೈಕೆಲಸ ಚೊಕ್ಕ, ಮಾತು ಕಡಿಮೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಅದು ನಮ್ಮ ಮನೆತನದ ಆಸ್ತಿ, ನನಗೂ ಒಂದು ಪಾಲು ಬಂದಿದೆ. ಒಂದು ಕಟ್ಟಡದ ಕೆಲಸದಲ್ಲಿ ಜೊತೆಗಾರನೊಂದಿಗೆ ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ರೆಂಚಿನಿಂದ ಹೊಡೆದುಬಿಟ್ಟ. ಆ ಮನುಷ್ಯನ ಒಂದು ಕಣ್ಣು ಹೋಯಿತು. ಹೊಡೆದ ಮೇಲೆ ಓಡಿಹೋಗದೆ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸ್ ಬರುವವರೆಗೂ ಅಲ್ಲೇ ಅಳುತ್ತ ಕುಳಿತಿದ್ದನಂತೆ. ಅತ್ತರೆ ಹೋದ ಕಣ್ಣು ಬರುತ್ತದೆಯೇ? ಆರು ವರ್ಷ ಜೈಲಾಯಿತು. ಅಲ್ಲಿಯವರೆಗೆ ದೊಡ್ಡದೊಂದು ಡೇಕೇರ್‌ನಲ್ಲಿ ಆಯಾ ಆಗಿದ್ದ ಅಕ್ಕ, ಖಾಲಿ ಮನೆಗೆ ಬಂದು ಗೋಡೆ ನೋಡುತ್ತ ಕೂರಲಾರದೆ ತನ್ನದೇ ಲೈಸೆನ್ಸು ಮಾಡಿಸಿಕೊಂಡಳು. ಆ ಮಕ್ಕಳಿಲ್ಲದಿದ್ದರೆ ಅವಳಿಗೆ ಹುಚ್ಚು ಹಿಡಿಯುತ್ತಿತ್ತು, ಇದು ನನ್ನ ಖಚಿತ ಅಭಿಪ್ರಾಯ.

ಅವನು ಬಿಡುಗಡೆಯಾಗುವ ಕಾಲಕ್ಕೆ ಆ ಪುಸ್ತಕ ಮತ್ತೆ ಅಡ್ಡ ಬಂತು. ಮನೆಯಲ್ಲಿ ವಾಸವಿರುವವರು ಎಂಬುದಕ್ಕೂ ಅದರಲ್ಲಿ ಅರ್ಥವಿತ್ತು. ಹದಿನೆಂಟು ತುಂಬಿದ, ಆ ಮನೆಯಲ್ಲಿ ರಾತ್ರಿ ಮಲಗುವ, ಇಲ್ಲವೇ ತಮ್ಮ ಬಟ್ಟೆಬರೆಯನ್ನು ಆ ಮನೆಯಲ್ಲಿ ಇಟ್ಟುಕೊಂಡ ಯಾರಾದರೂ ಸರಿ. ಅಂಥವರಿಗೆ ಯಾರನ್ನಾದರೂ ಹೊಡೆದು ಗಾಯ ಮಾಡಿದ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ, ಹೊರಬಂದು ಐದು ವರ್ಷ ಕಳೆಯುವ ತನಕ ಆ ಮನೆಗೆ ಲೈಸೆನ್ಸಿಲ್ಲ. ಅಕ್ಕ ಇದನ್ನು ಮಗನಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದರೆ, ಅವನೇ ಸುಲಭ ಮಾಡಿಕೊಟ್ಟ. ನನ್ನಿಂದ ನಿನ್ನ ಕೆಲಸ ಹೋಗೋದು ಬೇಡಮ್ಮ, ಐದು ವರ್ಷ ತಾನೇ, ಹೇಗೋ ಕಳೆಯುತ್ತೆ ಎಂದ. ಹಳೆಯ ಮೇಸ್ತ್ರಿಯ ಅಂಗಡಿಯ ಅಟ್ಟದ ಮೇಲೆ, ಪೈಪುಗಳ ನಡುವೆ ಹಾಸಿಗೆ ಹಾಕಿಕೊಂಡ. ಅವನ ನಾಲ್ಕು ಶರ್ಟುಗಳನ್ನು ಅಕ್ಕ ತನ್ನ ಬೀರುವಿನಿಂದ ತೆಗೆದು ನನ್ನ ಬೀರುವಿಗೆ ತಂದಿಟ್ಟಳು. ಬಟ್ಟೆ ಕೂಡ ಅವಳ ಮನೆಯಲ್ಲಿ ವಾಸವಿರಬಾರದು ನೋಡಿ!

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹಿಂದಿನ ಬೀದಿಯಲ್ಲಿ ಇವಳ ಹಾಗೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬಾಕೆಯ ಲೈಸೆನ್ಸನ್ನು ಜೈಲಿಗೆ ಹೋಗಿ ಬಂದ ತಮ್ಮನ ಕಾರಣಕ್ಕೆ ಕಿತ್ತುಕೊಂಡರು ಎಂಬ ಸುದ್ದಿ ಇವಳ ಕಿವಿಗೆ ಬಿತ್ತು. ಆ ತಮ್ಮ ಅಲ್ಲೇ ಮಲಗುತ್ತಿದ್ದನೋ, ಬಂದು ಹೋಗುತ್ತಿದ್ದನೋ ಯಾರಿಗೆ ಗೊತ್ತು. ಅಕ್ಕ ತನ್ನದೇ ಒಂದು ನಿಯಮ ಮಾಡಿಕೊಂಡಳು: ಮನೆಯೊಳಗೆ ಒಂದೇ ಒಂದು ಮಗು ಇದ್ದರೂ ಮಗ ಹೊಸ್ತಿಲು ತುಳಿಯಬಾರದು. ಕೊನೆಯ ಮಗು ಹೋದ ಮೇಲೆ ಬರಬೇಕು, ಊಟ ಮಾಡಬೇಕು, ಮಲಗಲು ಅಂಗಡಿಗೆ ಹೋಗಬೇಕು. ಕಚೇರಿಗೆ ಹೋಗಿ ಒಂದು ಮಾತು ಕೇಳಿ ಬಾ ಎಂದು ನಾನು ಎಷ್ಟೋ ಸಲ ತಲೆ ಚಚ್ಚಿಕೊಂಡೆ. ಕೇಳಿದರೆ ಮಗನ ವಿಷಯ ಬಾಯಿಬಿಟ್ಟ ಹಾಗೆ, ಆಮೇಲೆ ದಿನಾ ತಪಾಸಣೆಗೆ ಬರುತ್ತಾರೆ ಎಂದು ಹೆದರಿದಳು.

ಕೊನೆಯ ಮಗುವೆಂದರೆ ನರ್ಸಿನ ಮಗಳು. ಆಸ್ಪತ್ರೆಯ ಕೆಲಸ, ಪಾಪ, ಆ ನರ್ಸ್ ಎಂದೂ ಹೊತ್ತಿಗೆ ಬಂದವಳಲ್ಲ. ನಮ್ಮ ಹುಡುಗ ಎದುರುಬದಿಯ ಮುಚ್ಚಿದ ಅಂಗಡಿಯ ಶಟರ್ ಮುಂದೆ ಕೆಲಸದ ಸಾಮಾನಿನ ಚೀಲ ಹಿಡಿದು ಕಾಯುತ್ತಿದ್ದ. ಅಕ್ಕ ಕಿಟಕಿಯಿಂದ ನೋಡಿದರೆ ಕೈ ಎತ್ತುತ್ತಿದ್ದ. ಆ ಅಂಕಲ್ ಯಾರು, ದಿನಾ ಅಲ್ಲೇ ಯಾಕೆ ನಿಂತಿರ್ತಾರೆ ಎಂದು ಮಗು ಕೇಳಿದರೆ, ಬಸ್ಸಿಗೆ ಕಾಯ್ತಾ ಇದ್ದಾರೆ ಎಂದು ಅಕ್ಕ ಹೇಳಿ ಬೇರೆ ಮಾತು ತೆಗೆಯುತ್ತಿದ್ದಳು. ಬಿಸಿಲುಗಾಲ ಹೀಗೇ ಕಳೆಯಿತು.

ಮಳೆಗಾಲದ ಒಂದು ಸಂಜೆ ಗಾಳಿ, ಮಳೆ ಎರಡೂ ಒಟ್ಟಿಗೇ ಹಿಡಿದುಕೊಂಡವು. ನರ್ಸ್ ಫೋನ್ ಮಾಡಿ ಇನ್ನೂ ತಡವಾಗುತ್ತದೆ ಎಂದಳು. ನಾನು ಅಕ್ಕನ ಮನೆಯಲ್ಲೇ ಕುಳಿತು ಮಕ್ಕಳ ಪುಟ್ಟ ಹಾಸಿಗೆಗಳ ಚಾದರಕ್ಕೆ ಎಲಾಸ್ಟಿಕ್ ಹಾಕುತ್ತಿದ್ದೆ. ಎದುರಿಗೆ ಹುಡುಗ ಚೀಲವನ್ನು ಎದೆಗವಚಿಕೊಂಡು ತೊಯ್ದು ತೊಪ್ಪೆಯಾಗಿ ನಿಂತಿದ್ದ. ನಾಲ್ಕು ದಿನದಿಂದ ಅವನಿಗೆ ಕೆಮ್ಮು ಬೇರೆ. ಅಕ್ಕ ಕಿಟಕಿಯ ಹತ್ತಿರ ಹೋಗುತ್ತಾಳೆ, ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಕಲ್ಲೇನೇ ನಿನ್ನ ಎದೆಯಲ್ಲಿರೋದು ಎಂದು ನಾನು ರೇಗಿದೆ. ಅವಳು ಬಾಗಿಲು ತೆಗೆದು ಕೈಬೀಸಿ ಅವನನ್ನು ಕರೆದಳು. ಮಗು ಒಳಗಿರುವಾಗ ಅವನು ಆ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಯಾರದೋ ಮನೆಗೆ ಬಂದವನ ಹಾಗೆ ಮುದುಡಿಕೊಂಡು ನೇರ ಅಡುಗೆಮನೆಗೆ ಹೋಗಿ ನಿಂತ. ಅಕ್ಕ ಟವೆಲು ತರಲು ತಿರುಗಿದಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು.

ನರ್ಸ್ ಇರಬೇಕೆಂದು ನಾನು ಬಾಗಿಲು ತೆಗೆದರೆ, ಕೊಡೆ ಮಡಚುತ್ತ ನಿಂತವಳು ತಪಾಸಣೆಯ ಮೇಡಂ. ಮಕ್ಕಳಿರುವ ಯಾವ ಹೊತ್ತಿನಲ್ಲಾದರೂ ಅವರು ಹೇಳದೆ ಬರಬಹುದು, ಅದೂ ಪುಸ್ತಕದಲ್ಲಿದೆ. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಒದ್ದೆ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಬಂದು, ಮೊದಲು ಮಗುವನ್ನು ಮಾತಾಡಿಸಿದಳು. ಆಮೇಲೆ ತಲೆ ಎತ್ತಿದಳು. ಅಡುಗೆಮನೆಗೆ ಬಾಗಿಲಿಲ್ಲವಲ್ಲ, ಎಲ್ಲ ಕಣ್ಣೆದುರಿಗೇ ಇತ್ತು.

"ಇವರು ಯಾರು?" ಎಂದು ಕೇಳಿದಳು.

ಅಕ್ಕ ಟವೆಲನ್ನು ಕುರ್ಚಿಯ ಮೇಲೆ ಹಾಕಿದಳು.

"ನಲ್ಲಿ ರಿಪೇರಿಯವರು ಮೇಡಂ. ಅಡುಗೆಮನೆ ನಲ್ಲಿ ಸೋರ್ತಿತ್ತು, ಬರೋಕೆ ಹೇಳಿದ್ದೆ. ಈಗ ಬಂದಿದ್ದಾರೆ."

ಹುಟ್ಟಿದಾಗಿನಿಂದ ನೀನು, ಅವನು ಎಂದು ಕರೆದವನನ್ನು 'ಅವರು' ಮಾಡಿಬಿಟ್ಟಳು. ಹುಡುಗ ಒಂದು ಸಲ ಅವಳ ಮುಖ ನೋಡಿದ. ಬಗ್ಗಿ ಚೀಲ ಬಿಚ್ಚಿದ, ನೀರು ಬಂದ್ ಮಾಡಿದ, ಏನೂ ಆಗದ ನಲ್ಲಿಯನ್ನು ಕಳಚಲು ಶುರುಮಾಡಿದ. ಹೊರಗಿನವರು ಬಂದಾಗ ಮಗುವಿನ ಹತ್ತಿರ ಒಬ್ಬರು ಇರಲೇಬೇಕು, ಕೆಲಸದವರ ಮೇಲೆ ಕಣ್ಣಿಡಬೇಕು, ಗೊತ್ತಲ್ಲ ಎಂದು ಮೇಡಂ ಹೇಳಿದಳು. ನಾನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅಕ್ಕ ಅಡುಗೆಮನೆಯ ಮುಂದೆ ನಿಂತು ತನ್ನ ಮಗ ಏನನ್ನೂ ಮಾಡದ ಹಾಗೆ ಕಾವಲು ಕಾದಳು. ಅವನ ಕೂದಲಿನಿಂದ ನೀರು ಕತ್ತಿನೊಳಗೆ ಇಳಿಯುತ್ತಿತ್ತು. ಟವೆಲು ಅವಳ ಕೈಗೆಟುಕುವಷ್ಟು ಹತ್ತಿರ ಇತ್ತು. ಮೇಡಂ ಔಷಧಿ ಡಬ್ಬಿಯ ಬೀಗ ಎಳೆದು ನೋಡಿದಳು, ತೊಟ್ಟಿಲುಗಳಲ್ಲಿ ಕೈಯಾಡಿಸಿದಳು, ಹಿಂದಿನ ಬಾಗಿಲಿನ ಚಿಲಕ ಹಾಕಿ ತೆಗೆದಳು.

ಹಾಳಾದ್ದು, ಅಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ಮಗು ಬಾಯಿ ತೆರೆಯಿತು. "ಅಂಕಲ್, ನಲ್ಲಿ ಚೆನ್ನಾಗೇ ಇತ್ತಲ್ಲ?"

ಅವನು ತಿರುಗದೆ, ಒಳಗಿನ ವಾಷರ್ ಸವೆದಿದೆ ಪುಟ್ಟಿ, ಹೊರಗಿಂದ ನೋಡಿದರೆ ಗೊತ್ತಾಗಲ್ಲ ಎಂದ. ಚೀಲದಿಂದ ಹೊಸ ವಾಷರ್ ತೆಗೆದು ನಿಜವಾಗಿಯೂ ಹಾಕಿದ. ಎಲ್ಲ ಬಿಗಿ ಮಾಡಿ, ನಲ್ಲಿ ತಿರುಗಿಸಿ ನೀರು ಬಿಟ್ಟು ತೋರಿಸಿ, ನೆಲ ಒರೆಸಿದ.

"ಆಯ್ತು ಮೇಡಂ," ಎಂದ ಅಕ್ಕನಿಗೆ. "ಇನ್ನು ಸೋರಲ್ಲ."

ಅವನು ಚೀಲ ಹೆಗಲಿಗೇರಿಸುವಾಗ, ಮಳೆ ನಿಲ್ಲೋವರೆಗೂ ಬೇಕಾದರೆ ಇಲ್ಲೇ ಕೂತಿರಿ ಎಂದವಳು ಆ ತಪಾಸಣೆಯವಳು. ಪರವಾಗಿಲ್ಲ, ಅಭ್ಯಾಸವಿದೆ ಎಂದು ಹೇಳಿ ಅವನು ಮುಂಬಾಗಿಲಿನಿಂದ ಇಳಿದು ಹೋದ. ಎಲ್ಲ ಅಚ್ಚುಕಟ್ಟಾಗಿದೆ, ನಿಮ್ಮ ಮನೆ ನೋಡಿ ಬೇರೆಯವರು ಕಲೀಬೇಕು ಎಂದು ಮೇಡಂ ಅಕ್ಕನನ್ನು ಹೊಗಳಿ ಹೊರಟಳು. ನರ್ಸ್ ಬಂದು ಮಗಳನ್ನು ಕರೆದುಕೊಂಡು ಹೋದಳು. ಅಕ್ಕ ತಟ್ಟೆ ಇಟ್ಟು, ಊಟ ಬಿಸಿ ಮಾಡಿ, ಬಾಗಿಲು ತೆರೆದೇ ಕೂತಳು. ಅವನು ಬರಲಿಲ್ಲ. ಮರುದಿನವೂ ಶಟರ್ ಮುಂದೆ ಯಾರೂ ಇರಲಿಲ್ಲ. ಕೆಮ್ಮು ಜಾಸ್ತಿಯಾಗಿರಬೇಕು, ಕೆಲಸ ಜಾಸ್ತಿ ಇರಬೇಕು ಎಂದು ದಿನಕ್ಕೊಂದು ಕಾರಣ ಹೇಳಿಕೊಳ್ಳುತ್ತಿದ್ದಳು. ಫೋನ್ ಮಾಡಿದರೆ ಎತ್ತುತ್ತಿದ್ದ, ಚೆನ್ನಾಗಿದ್ದೀನಮ್ಮ ಎಂದು ಇಡುತ್ತಿದ್ದ. ಬರುತ್ತೇನೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಕೊನೆಗೆ ನಾನೇ ಹೊಲಿಗೆ ಬದಿಗಿಟ್ಟು ಅಂಗಡಿಗೆ ಹೋದೆ. ಅವನು ನೆಲದ ಮೇಲೆ ಕುಳಿತು ಪೈಪಿನ ತುದಿಗೆ ತಿರುಪಿನ ಮರೆ ಕೊರೆಯುತ್ತಿದ್ದ. ಕೂರಲು ಒಂದು ಡಬ್ಬ ಕವುಚಿ ಹಾಕಿಕೊಟ್ಟ. ನಾನು ಕೂರಲಿಲ್ಲ, ನಿಂತೇ ಮೈಚಳಿ ಬಿಡಿಸಿದೆ. ಹೆತ್ತವಳಿಗೆ ಹೊಟ್ಟೆಪಾಡಿದೆ, ಏನೋ ಹೆದರಿಕೆಯಲ್ಲಿ ಬಾಯಿ ತಪ್ಪಿತು, ಅದಕ್ಕೆ ಇಷ್ಟು ಸೆಟೆದುಕೊಳ್ಳುವುದೇ ಎಂದೆ. ನನ್ನದೆಲ್ಲ ಮುಗಿಯುವ ತನಕ ಅವನು ಕೊರೆಯುತ್ತಲೇ ಇದ್ದ.

"ಕೋಪ ಇಲ್ಲ ಚಿಕ್ಕಮ್ಮ," ಎಂದ. "ಜೈಲಿನ ಗೇಟಲ್ಲಿ ಪ್ರತಿ ಸಲ ಕೇಳ್ತಿದ್ರು, ಒಳಗಿರೋನು ನಿಮಗೇನಾಗಬೇಕು ಅಂತ. ಬೇರೆಯವರೆಲ್ಲ ತಲೆ ತಗ್ಗಿಸಿ ಹೇಳೋರು. ಅಮ್ಮ ಮಾತ್ರ ಇಡೀ ಸಾಲಿಗೆ ಕೇಳೋ ಹಾಗೆ ಹೇಳೋಳು, ನನ್ನ ಮಗ ಅಂತ. ಒಳಗೆ ಕೂತ ನನಗೂ ಕೇಳಿಸೋದು. ಅದೊಂದನ್ನ ಹಿಡ್ಕೊಂಡೇ ಆರು ವರ್ಷ ತಳ್ಳಿದೆ. ಈಗ ಅದೇ ಬಾಯಲ್ಲಿ ಬೇರೆ ಮಾತು ಕೇಳಿದೆ. ಇನ್ನೊಂದು ಸಲ ಕೇಳೋಕೆ ನನ್ನಿಂದಾಗಲ್ಲ."

ಬಂದವಳೇ ಅಕ್ಕನಿಗೆ ಒಂದಕ್ಷರ ಬಿಡದೆ ಹೇಳಿದೆ. ಮುಚ್ಚಿಡಬಹುದಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಮುಚ್ಚಿಡುವುದು ನನಗೆ ಬಂದರೆ ತಾನೇ. ಅಕ್ಕ ಚಾಪೆ ಒರೆಸುತ್ತಿದ್ದಳು. ಒರೆಸಿ ಮುಗಿಸಿದಳು, ಬಟ್ಟೆ ಹಿಂಡಿದಳು, ಹಗ್ಗಕ್ಕೆ ಹಾಕಿದಳು. ಮಾರನೆಯ ಬೆಳಿಗ್ಗೆ ಬಂದ ಪ್ರತಿಯೊಬ್ಬ ತಾಯಿಗೂ ಬಾಗಿಲಲ್ಲೇ ತಿಳಿಸಿದಳು: ಈ ತಿಂಗಳು ಮುಗಿದ ಮೇಲೆ ಬೇರೆ ಕಡೆ ನೋಡಿಕೊಳ್ಳಿ. ಮಗನಿಗೆ ಮಾತ್ರ ಫೋನಲ್ಲಿ ತಿಳಿಸಲಿಲ್ಲ, ಲೈಸೆನ್ಸು ಕೊಟ್ಟುಬಂದ ಮೇಲೆ ಎದುರಿಗೇ ನಿಂತು ಹೇಳುತ್ತೇನೆ ಎಂದಳು.

ಅವರು ಬೇಡಿಕೊಂಡರು, ಒಬ್ಬಿಬ್ಬರು ಸಿಟ್ಟಾದರು. ನರ್ಸ್ ಅತ್ತಳು. ಕೊನೆಯ ದಿನ ಮಕ್ಕಳು ದಿನದ ಹಾಗೇ ಟಾಟಾ ಮಾಡಿ ಹೋದವು, ಅವಕ್ಕೇನು ಗೊತ್ತು. ಅವು ಹೋದ ಮೇಲೆ ಅಕ್ಕ ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಪಕ್ಕದಲ್ಲಿ ಕುಳಿತಿದ್ದೆ. ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಬೆನ್ನ ಮೇಲೆ ಕೈಯಿಟ್ಟಿದ್ದೆ ಅಷ್ಟೆ.

ಲೈಸೆನ್ಸು ಹಿಂದಿರುಗಿಸಲು ನನ್ನನ್ನೂ ಕರೆದುಕೊಂಡು ಹೋದಳು. ಅದೇ ಮೇಡಂ ಇದ್ದಳು. ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಏಕೆ ಮುಚ್ಚುತ್ತೀರಿ ಎಂದು ಕೇಳಿದಳು. ಮಗ ಮನೆಗೆ ಬರ್ತಾನೆ ಮೇಡಂ ಎಂದಳು ಅಕ್ಕ. ಆವತ್ತು ನಲ್ಲಿ ಬಿಚ್ಚಿದನಲ್ಲ, ಅವನು ನನ್ನ ಮಗ. ಜೈಲು, ಕಣ್ಣು ಹೋದವನು, ಶಟರ್ ಮುಂದೆ ಕಾಯುತ್ತಿದ್ದದ್ದು, ಎಲ್ಲವನ್ನೂ ಹೇಳಿದಳು. ಮೇಡಂ ಪೆನ್ನು ಕೆಳಗಿಟ್ಟಳು.

"ನೋಡೋಕೆ ಬಂದು ಹೋಗೋರಿಗೆ ನಿಯಮದಲ್ಲಿ ಅಡ್ಡಿ ಇಲ್ಲಮ್ಮ," ಎಂದಳು. "ಮನೇಲಿ ಉಳಿಯೋ ಹಾಗಿಲ್ಲ, ಮಕ್ಕಳ ಜೊತೆ ಅವರೊಬ್ಬರನ್ನೇ ಬಿಡೋ ಹಾಗಿಲ್ಲ, ಅಷ್ಟೇ. ನಲ್ಲಿ ರಿಪೇರಿಯವರಿಗೂ ಅದೇ, ಮಗನಿಗೂ ಅದೇ. ನನ್ನ ಮಗ ಅಂತ ನೀವು ಆವತ್ತು ಹೇಳಿದ್ದಿದ್ರೂ ನಾನು ಬೇರೇನೂ ಹೇಳ್ತಿರಲಿಲ್ಲ."

ನನಗೆ ಯಾರ ಮೇಲಾದರೂ ಹರಿಹಾಯಬೇಕು ಅನ್ನಿಸಿತು. ಮೇಡಂ ಮೇಲೆ ಹಾಯೋಣವೆಂದರೆ ಅವಳ ತಪ್ಪೇನಿದೆ. ಅಕ್ಕನ ಮೇಲೆ ಹಾಯೋಣವೆಂದರೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಇನ್ನೂ ಮುದ್ರೆ ಒತ್ತಿಲ್ಲ, ಬೇಕಾದರೆ ವಾಪಸ್ ತೆಗೆದುಕೊಳ್ಳಿ ಎಂದು ಮೇಡಂ ಮೆಲ್ಲಗೆ ಹೇಳಿದಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಬಂದು ಹೋಗೋದಲ್ಲ ಮೇಡಂ, ಅವನು ಮನೆಯಲ್ಲಿ ಮಲಗಬೇಕು, ಒತ್ತಿಬಿಡಿ ಎಂದಳು.

ಕಚೇರಿಯಿಂದ ನೇರ ಅಂಗಡಿಗೆ ನಡೆದೆವು. ದಾರಿಯುದ್ದಕ್ಕೂ ಅಕ್ಕ, ಮುಂದಿನ ಕೋಣೆ ಅವನಿಗೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಎನ್ನುತ್ತಿದ್ದಳು. ಮೇಸ್ತ್ರಿ ನಮ್ಮನ್ನು ನೋಡಿ ಎದ್ದು ನಿಂತ. ಹುಡುಗ ಆ ವಾರದ ಮೊದಲಲ್ಲೇ ಒಬ್ಬ ಕಂಟ್ರಾಕ್ಟರ್ ಜೊತೆ ದೂರದ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಯಾವ ಊರೋ ಮೇಸ್ತ್ರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನಗೇನಾದರೂ ಹೇಳಿ ಹೋದನಾ ಎಂದು ಅಕ್ಕ ಕೇಳಿದಳು. ಮೇಸ್ತ್ರಿ ಇಲ್ಲವೆನ್ನಲಾರದೆ ನನ್ನ ಮುಖ ನೋಡಿದ. ಅವನ ಫೋನಿಗೆ ಅಲ್ಲಿಂದಲೇ ಮಾಡಿದೆವು. ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಂಗಸಿನ ದನಿ ಹೇಳಿತು. ಅಕ್ಕ ಅದನ್ನು ಎರಡು ಸಲ ಕೇಳಿಸಿಕೊಂಡಳು.

ಅದಾಗಿ ಎರಡು ಮಳೆಗಾಲ ಕಳೆದಿವೆ. ಮಕ್ಕಳ ಕೋಣೆಯಲ್ಲಿ ಈಗ ಒಂದು ದೊಡ್ಡ ಮಂಚವಿದೆ. ಅಕ್ಕ ದಿನವೂ ಅದರ ಚಾದರ ಕೊಡವಿ ಹಾಸುತ್ತಾಳೆ. ಶರ್ಟುಗಳನ್ನು ನನ್ನ ಬೀರುವಿನಿಂದ ವಾಪಸ್ ಒಯ್ದಿದ್ದಾಳೆ. ಹೊಟ್ಟೆಗೆ ಏನು ಮಾಡುತ್ತಾಳೆಂದರೆ, ನನ್ನ ಹೊಲಿಗೆಗೆ ಗುಂಡಿ ಹಾಕುತ್ತಾಳೆ, ಕಾಜ ಮಾಡುತ್ತಾಳೆ. ಆ ಕಣ್ಣು ಮಂಜಾಗುತ್ತ ಬಂದಿದೆ, ಅರ್ಧ ಕೆಲಸ ನಾನು ಬಿಚ್ಚಿ ಮತ್ತೆ ಹಾಕಬೇಕು. ಅವಳೆದುರಿಗೆ ಬಿಚ್ಚುವುದಿಲ್ಲ.

ಮೊನ್ನೆ ಒಬ್ಬ ಹೊಸ ತಾಯಿ ಸೊಂಟದ ಮೇಲೆ ಕೂಸು ಹೊತ್ತು ಅಕ್ಕನ ಗೇಟಿಗೆ ಬಂದಳು. ಈ ಬೀದಿಗೆ ಈಗಷ್ಟೇ ಬಂದವಳಂತೆ, ಕೆಲಸಕ್ಕೆ ಹೋಗಲೇಬೇಕಂತೆ, ನಿಮ್ಮಷ್ಟು ಚೆನ್ನಾಗಿ ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಎಲ್ಲರೂ ಹೇಳುತ್ತಾರಂತೆ. ಕೂಸು ಆಗಲೇ ಅಕ್ಕನ ಕಡೆ ಕೈ ಚಾಚಿತ್ತು. ನಾನು ನನ್ನ ಕಿಟಕಿಯಿಂದ ನೋಡುತ್ತಿದ್ದೆ. ಒಪ್ಪಿಕೊಳ್ಳೇ, ಮತ್ತೆ ಲೈಸೆನ್ಸು ಕೇಳೋಣ, ಮನೆಯಲ್ಲಿ ಇನ್ನಾರಿದ್ದಾರೆ ಎಂದು ಕೂಗಿ ಹೇಳಬೇಕೆಂದುಕೊಂಡೆ. ಅವಳ ಹಿಂದೆ ಬಾಗಿಲು ತೆರೆದಿತ್ತು, ಹಾಸಿದ ಮಂಚ ಬೀದಿಗೇ ಕಾಣುತ್ತಿತ್ತು.

ಅಕ್ಕ ಕೂಸಿನ ಪಾದವನ್ನು ಒಮ್ಮೆ ಮುಟ್ಟಿ ಕೈ ಹಿಂದೆ ತೆಗೆದುಕೊಂಡಳು.

"ನಮ್ಮ ಮನೇಲಿ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲಮ್ಮ," ಎಂದಳು. "ನನ್ನ ಮಗ ಇಲ್ಲೇ ವಾಸ ಇದ್ದಾನೆ."

ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು.